ಲೂರ್ದಿನ ಗಿರಣಿಯವನ ಮಗಳು

ಪುಣ್ಯಕ್ಷೇತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಗುಡಿಯನ್ನು ಕಟ್ಟಿಸಿದವರ ಹೆಸರನ್ನೂ ದಾನವಿತ್ತವರ ಹೆಸರನ್ನೂ ಮೊದಲು ಹೇಳುತ್ತಾರೆ. ಫ್ರಾನ್ಸ್ ದೇಶದ ದಕ್ಷಿಣದಲ್ಲಿ, ಪಿರನೀಸ್ ಪರ್ವತಗಳ ತಪ್ಪಲಿನಲ್ಲಿರುವ ಲೂರ್ದ್ ಕ್ಷೇತ್ರದ ಚರಿತ್ರೆಯಾದರೋ, ಕಟ್ಟಿಸುವ ಶಕ್ತಿಯಾಗಲಿ ಕೊಡುವ ಶಕ್ತಿಯಾಗಲಿ ಇಲ್ಲದ, ಓದುಬರಹವನ್ನರಿಯದ ಒಬ್ಬ ಹುಡುಗಿಯಿಂದ ಮೊದಲಾಗುತ್ತದೆ.

ಬರ್ನದೆತ್ ಸುಬಿರೂ ಹುಟ್ಟಿದ್ದು 1844ರ ಜನವರಿ 7ರಂದು. ತಂದೆ ಫ್ರಾನ್ಸ್ವಾ ಹಿಟ್ಟಿನ ಗಿರಣಿಯವನು. ಕಸಬು ಕುಸಿದು ಗಿರಣಿ ಕೈಬಿಟ್ಟಿತು. 1855ರ ಕಾಲರಾ ಮಗಳ ದೇಹವನ್ನು ಹಿಂಡಿತು. ಉಬ್ಬಸವಂತೂ ಜೀವಮಾನದ ಸಂಗಾತಿಯಾಯಿತು. ಕೊನೆಗೆ ಆರು ಜನರ ಆ ಸಂಸಾರ, ಕೈದಿಗಳಿಗೂ ಅಯೋಗ್ಯವೆಂದು ಬಿಟ್ಟಿದ್ದ ಹಳೆಯ ಸೆರೆಮನೆಯ ಒಂದೇ ಕೋಣೆಯಲ್ಲಿ ನೆಲಸಿತು. 1857ರಲ್ಲಿ ಹಿಟ್ಟು ಕದ್ದನೆಂಬ ಗುಮಾನಿಯಿಂದ ತಂದೆ ಕೆಲವು ದಿನ ಬಂಧನದಲ್ಲಿಯೂ ಇದ್ದನು.

1858ರ ಫೆಬ್ರವರಿ 11ರಂದು, ಹದಿನಾಲ್ಕು ವರ್ಷದ ಬರ್ನದೆತ್ ತಂಗಿಯೊಡನೆಯೂ ಗೆಳತಿಯೊಡನೆಯೂ ಸೌದೆ ಆಯಲು ಮಸಾಬಿಯೆಲ್ ಎಂಬ ಬಂಡೆಯ ಬಳಿಗೆ ಹೋದಳು. ಅಲ್ಲಿಯ ಗವಿಯಲ್ಲಿ ಬಿಳಿಯುಡುಗೆಯ ತರುಣಿಯೊಬ್ಬಳನ್ನು ಕಂಡೆನೆಂದು ಆಕೆ ಹೇಳಿದಳು. ಜುಲೈ 16ರವರೆಗೆ ಹದಿನೆಂಟು ಬಾರಿ ಆ ದರ್ಶನವಾಯಿತೆಂಬುದು ಆಕೆಯ ಸಾಕ್ಷ್ಯ.

ದರ್ಶನದ ಸತ್ಯಾಸತ್ಯವನ್ನು ನಿರ್ಣಯಿಸುವುದು ನನ್ನ ಅಧಿಕಾರಕ್ಕೆ ಮೀರಿದುದು. ಭಾಷೆಯನ್ನು ಬೋಧಿಸುವವನಾದ ನನ್ನ ಮನಸ್ಸನ್ನು ಸೆಳೆದದ್ದು ಅಲ್ಲಿ ಬಳಕೆಯಾದ ನುಡಿ. ಬರ್ನದೆತ್‌ಗೆ ಫ್ರೆಂಚ್ ಸರಿಯಾಗಿ ಬಾರದು. ಅವಳದು ಗಾಸ್ಕನ್ ಎಂಬ ಸೀಮೆಯ ಮಾತು. ಫ್ರೆಂಚಿನಲ್ಲಿದ್ದ ಧರ್ಮಬೋಧೆಯ ಪಾಠವನ್ನು ಕಲಿಯಲಾರದೆ ದಡ್ಡಳೆನಿಸಿಕೊಂಡಿದ್ದಳು. ಆ ತರುಣಿ ಮಾತನಾಡಿದ್ದು ಈ ಹಳ್ಳಿನುಡಿಯಲ್ಲಿ. ಅದೂ ಏಕವಚನದಲ್ಲಲ್ಲ, ಹಿರಿಯರಿಗೆ ಸಲ್ಲುವ ಗೌರವದ ಬಹುವಚನದಲ್ಲಿ. ಸೆರೆಮನೆಯ ಕೋಣೆಯ ಹುಡುಗಿಗೆ ಇದು ಬೆರಗನ್ನುಂಟುಮಾಡಿತು. ನೀನು ಎಂಬುದಕ್ಕೂ ತಾವು ಎಂಬುದಕ್ಕೂ ಇರುವ ಅಂತರವನ್ನು ಬಲ್ಲ ಕನ್ನಡಿಗರಿಗೆ ಆ ಬೆರಗನ್ನು ವಿವರಿಸಬೇಕಾದುದಿಲ್ಲ.

ಪೊಲೀಸ್ ಅಧಿಕಾರಿ ಜಾಕೊಮೆ ಅವಳ ಹೇಳಿಕೆಯನ್ನು ಬರೆದುಕೊಂಡು, ಮಾತುಗಳನ್ನು ತಿರುಚಿ ಓದಿದನು. ಓದಲರಿಯದವಳು ಒಂದೊಂದನ್ನೂ ತಿದ್ದಿದಳು. ಫೆಬ್ರವರಿ 25ರಂದು ಗವಿಯ ನೆಲವನ್ನು ಕೈಯಿಂದ ಕೆದಕಿ ಕೆಸರುನೀರನ್ನು ಕುಡಿದಾಗ ನೆರೆದವರು ಹುಚ್ಚೆಂದರು. ಅಲ್ಲಿಯೇ ಬುಗ್ಗೆ ಹೊಮ್ಮಿತು. ಹೆಸರನ್ನು ಕೇಳಿ ಬರುವಂತೆ ಪಾದ್ರಿ ಪೆರಮಾಲ್ ವಿಧಿಸಿದ್ದರು. ಮಾರ್ಚ್ 25ರಂದು ದೊರೆತ ಉತ್ತರ ಅಮಲೋದ್ಭವವೆಂಬುದು. 1854ರಲ್ಲಿ ಪೋಪ್ ಒಂಬತ್ತನೆಯ ಪಿಯುಸ್ ಸಾರಿದ್ದ ಸಿದ್ಧಾಂತದ ಪದವದು. ಅರ್ಥವರಿಯದ ಬರ್ನದೆತ್ ಮರೆತೀತೆಂದು ದಾರಿಯುದ್ದಕ್ಕೂ ಅದನ್ನು ಉಚ್ಚರಿಸುತ್ತ ಪಾದ್ರಿಯ ಮನೆಯನ್ನು ಸೇರಿದಳು.

ಜೂನ್‌ನಲ್ಲಿ ಅಧಿಕಾರಿಗಳು ಗವಿಗೆ ಬೇಲಿ ಹಾಕಿದರು. ಅಕ್ಟೋಬರ್‌ನಲ್ಲಿ ಚಕ್ರವರ್ತಿ ಮೂರನೆಯ ನೆಪೋಲಿಯನ್ ಅದನ್ನು ತೆಗೆಸಿದನು. 1862ರಲ್ಲಿ ತಾರ್ಬ್‌ನ ಬಿಷಪ್ ಲೊರಾನ್ಸ್ ದರ್ಶನಗಳನ್ನು ಮಾನ್ಯಮಾಡಿದರು. 1864ರಲ್ಲಿ ಶಿಲ್ಪಿ ಫಾಬಿಶ್ ಕಡೆದ ಅಮೃತಶಿಲೆಯ ವಿಗ್ರಹ ಗವಿಯಲ್ಲಿ ನಿಂತಿತು. ತಾನು ಕಂಡ ರೂಪ ಅದಲ್ಲವೆಂದು ಕಂಡವಳೇ ತಿಳಿಸಿದಳು. ಆದರೂ ಅದೇ ರೂಪ ಲೋಕಪ್ರಸಿದ್ಧವಾಯಿತು. ನಮ್ಮ ನಾಡಿನ ಇಗರ್ಜಿಗಳ ಅಂಗಳಗಳಲ್ಲಿ ಕಾಣುವ ಕಲ್ಲಿನ ಗವಿಗಳೂ ಅದರ ಅನುಕರಣೆಗಳೇ.

ಬಡತನವಿದ್ದರೂ ಯಾತ್ರಿಕರು ನೀಡಿದ ಹಣವನ್ನು ಬರ್ನದೆತ್ ಮುಟ್ಟಲಿಲ್ಲ. 1866ರಲ್ಲಿ ಲೂರ್ದಿಗೆ ರೈಲು ಬಂದಿತು. ಯಾತ್ರಿಕರ ಪ್ರವಾಹ ಊರೊಳಕ್ಕೆ ಹರಿಯತೊಡಗಿದ ಆ ವರ್ಷವೇ ಅವಳು ಊರನ್ನು ಬಿಟ್ಟು ದೂರದ ನೆವೆರ್ ಪಟ್ಟಣದ ಕನ್ಯಾಮಠವನ್ನು ಸೇರಿದಳು. ಮತ್ತೆ ಲೂರ್ದಿಗೆ ಬರಲಿಲ್ಲ. 1876ರಲ್ಲಿ ಬಂಡೆಯ ಮೇಲಣ ಮಹಾದೇವಾಲಯದ ಪ್ರತಿಷ್ಠೆಯಾದಾಗಲೂ ಅವಳು ಮಠದಲ್ಲಿಯೇ ಇದ್ದಳು. ಅಲ್ಲಿ ರೋಗಿಗಳ ಶುಶ್ರೂಷೆ ಮಾಡಿದಳು. ಬರಬರುತ್ತ ತಾನೇ ರೋಗಿಯಾದಳು. ಮೊಣಕಾಲಿನ ಮೂಳೆಗೆ ಕ್ಷಯ ತಗುಲಿತು. 1879ರ ಏಪ್ರಿಲ್ 16ರಂದು, ಮೂವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡಳು. 1933ರಲ್ಲಿ ಧರ್ಮಸಭೆ ಅವಳನ್ನು ಸಂತಳೆಂದು ಸಾರಿತು.

ಆ ಬುಗ್ಗೆಯ ಕ್ಷೇತ್ರದಲ್ಲಿ ಗುಣಹೊಂದಿದವರ ವೃತ್ತಾಂತಗಳನ್ನು ಪರೀಕ್ಷಿಸಲು 1883ರಿಂದ ವೈದ್ಯರ ಕಚೇರಿಯಿದೆ. ಧರ್ಮಸಭೆ ಪವಾಡವೆಂದು ಮಾನ್ಯಮಾಡಿದ ಎಪ್ಪತ್ತನೆಯ ಪ್ರಸಂಗ 2018ರದು. ಬುಗ್ಗೆಯನ್ನು ತೋರಿದವಳ ಉಬ್ಬಸ ಮಾತ್ರ ಕೊನೆಯವರೆಗೂ ವಾಸಿಯಾಗಲಿಲ್ಲ. ಆ ನೀರು ತನಗೇಕೆ ಫಲಿಸಲಿಲ್ಲವೆಂಬ ದೂರನ್ನು ಅವಳ ಚರಿತ್ರೆಯಲ್ಲಿ ನಾನು ಕಾಣೆ. ಅವಳ ದೇಹ ಇಂದಿಗೂ ಇರುವುದು ನೆವೆರಿನಲ್ಲಿ. ಲೂರ್ದಿನಲ್ಲಿ ಉಳಿದಿರುವುದು ವಿಗ್ರಹದ ಪೀಠದ ಮೇಲೆ ಕೆತ್ತಿದ ಆ ಉತ್ತರ. ಅದೂ ಫ್ರೆಂಚಿನಲ್ಲಲ್ಲ, ಗಿರಣಿಯವನ ಮಗಳ ಮನೆಮಾತಿನಲ್ಲಿ.