ಠಕ್ಕರ್ ಬಾಪಾ

ಚೆಂಬೂರಿನಲ್ಲಿ ಪಾದರಕ್ಷೆ ತಯಾರಿಸುವವರ ಬಡಾವಣೆಯೊಂದು ಠಕ್ಕರ್ ಬಾಪಾ ಕಾಲೊನಿಯೆಂದು ಪ್ರಸಿದ್ಧವಾಗಿದೆ. ಆ ಬಾಪಾ ಯಾರೆಂದು ಕೇಳಿದರೆ ಉತ್ತರಿಸಬಲ್ಲವರು ನಮ್ಮಲ್ಲಿ ವಿರಳ.

ಅಮೃತಲಾಲ ವಿಠ್ಠಲದಾಸ ಠಕ್ಕರರು 1869ನೆಯ ನವೆಂಬರ್ 29ರಂದು ಕಾಠಿಯಾವಾಡದ ಭಾವನಗರದಲ್ಲಿ ಜನಿಸಿದರು. ಅದೇ ನಾಡಿನಲ್ಲಿ, ಅದೇ ವರ್ಷ, ಸುಮಾರು ಎರಡು ತಿಂಗಳ ಮೊದಲು ಗಾಂಧೀಜಿಯವರು ಹುಟ್ಟಿದ್ದರು. ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ ಠಕ್ಕರರು ದೇಶೀಯ ಸಂಸ್ಥಾನಗಳಲ್ಲಿ ಕೆಲಸ ಮಾಡಿ, ಸಮುದ್ರ ದಾಟಿ ಪೂರ್ವ ಆಫ್ರಿಕೆಯ ಉಗಾಂಡಾ ರೈಲುಮಾರ್ಗದ ನಿರ್ಮಾಣದಲ್ಲಿಯೂ ಕೆಲಕಾಲ ದುಡಿದು ಬಂದರು.

ತರುವಾಯ ಮುಂಬಯಿ ನಗರಸಭೆಯ ನೌಕರಿ ದೊರೆಯಿತು. ಊರಿನ ಕಸವನ್ನು ಹೊರಗೆ ಸಾಗಿಸುತ್ತಿದ್ದ ಚಿಕ್ಕ ರೈಲುಮಾರ್ಗದ ಮೇಲ್ವಿಚಾರಣೆ ಅವರ ಪಾಲಿಗೆ ಬಂದಿತು. ಎಂಜಿನಿಯರನಾದವನಿಗೆ ರೈಲು ಸರಿಯಾಗಿ ಓಡಿದರೆ ಸಾಕಿತ್ತು. ಆದರೆ ಇವರ ದೃಷ್ಟಿ ಕಸ ಹೊರುವವರ ಮೇಲೆ ಬಿದ್ದಿತು. ಮನೆಯೆನ್ನಲಾಗದ ಮನೆ, ತಿಂಗಳ ಸಂಬಳವನ್ನು ಕೈಗೆ ಬರುವ ಮೊದಲೇ ನುಂಗುವ ಬಡ್ಡಿ ಸಾಲ, ಮುಟ್ಟಬಾರದೆಂಬ ಕಳಂಕ! ಇದನ್ನೆಲ್ಲ ಕಂಡ ಮೇಲೆ ಅವರಿಗೆ ಕುರ್ಚಿಯಲ್ಲಿ ಕೂರುವುದು ಸಾಧ್ಯವಾಗಲಿಲ್ಲ. 1914ರಲ್ಲಿ, ತಮ್ಮ ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಉದ್ಯೋಗಕ್ಕೆ ರಾಜೀನಾಮೆಯಿತ್ತು ಗೋಖಲೆಯವರ ಭಾರತ ಸೇವಕ ಸಮಾಜವನ್ನು ಸೇರಿದರು. ಆ ವಯಸ್ಸಿಗೆ ಜನ ಪಿಂಚಣಿಯ ಲೆಕ್ಕ ಹಾಕಲು ತೊಡಗುತ್ತಾರೆ.

ಬರಪರಿಹಾರಕ್ಕಾಗಿ ಪಂಚಮಹಲ್ ಜಿಲ್ಲೆಗೆ ಹೋದಾಗ ಅವರು ಭಿಲ್ಲರನ್ನು ಹತ್ತಿರದಿಂದ ಕಂಡರು. ಮಳೆ ಬಂದರೆ ಬರ ತೀರುತ್ತದೆ. ಸಾಹುಕಾರನ ಸಾಲ, ಹೆಂಡದಂಗಡಿ, ಅಧಿಕಾರಿಗಳಿಗೆ ಮಾಡಬೇಕಾದ ಬಿಟ್ಟಿ ಚಾಕರಿ ಇವು ಮಳೆಯಿಂದ ತೀರತಕ್ಕವಲ್ಲ. ಆದುದರಿಂದ 1922ರಲ್ಲಿ ದಾಹೋದಿನಲ್ಲಿ ಭಿಲ್ಲ ಸೇವಾ ಮಂಡಲವನ್ನು ಸ್ಥಾಪಿಸಿದರು. ಮಕ್ಕಳು ಉಳಿದು ಕಲಿಯುವ ಆಶ್ರಮಶಾಲೆಗಳು ಹುಟ್ಟಿದುವು. ಕಾಲ್ನಡಿಗೆಯಲ್ಲಿ ಹಳ್ಳಿ ಹಳ್ಳಿ ತಿರುಗಿದ ಈ ಹಿರಿಯರನ್ನು ಜನ ತಂದೆಯೆಂಬ ಅರ್ಥದಲ್ಲಿ ಬಾಪಾ ಎಂದು ಕರೆದರು. 1932ರಿಂದ ಹರಿಜನ ಸೇವಕ ಸಂಘದ ಕಾರ್ಯದರ್ಶಿಯಾಗಿ ದೇಶವನ್ನೆಲ್ಲ ಸುತ್ತಿದರೂ ಗುಡ್ಡಗಾಡಿನವರನ್ನು ಅವರು ಮರೆಯಲಿಲ್ಲ.

ಸಂವಿಧಾನ ಸಭೆಯು ಆದಿವಾಸಿ ಪ್ರದೇಶಗಳ ಆಡಳಿತವನ್ನು ಕುರಿತು ರಚಿಸಿದ ಉಪಸಮಿತಿಯೊಂದಕ್ಕೆ ಬಾಪಾ ಅವರೇ ಅಧ್ಯಕ್ಷರಾದರು. ಅದರ ಸದಸ್ಯರಲ್ಲಿ ಜೈಪಾಲ ಸಿಂಗ್ ಮುಂಡಾ ಎಂಬವರಿದ್ದರು. 1928ರ ಒಲಿಂಪಿಕ್ಸಿನಲ್ಲಿ ಭಾರತದ ಹಾಕಿ ತಂಡದ ನಾಯಕರಾಗಿದ್ದವರು, ಸ್ವತಃ ಆದಿವಾಸಿ. ಆದಿವಾಸಿಗಳನ್ನು ಬೇರೆಯಾಗಿಡದೆ ಸೇವೆಯಿಂದ ಮೇಲೆತ್ತಿ ಉಳಿದವರೊಡನೆ ಬೆರೆಸಬೇಕೆಂಬುದು ಬಾಪಾ ಅವರ ನಿಲುವು. ಜೈಪಾಲರಾದರೋ ಬೇಡಿದ್ದು ಕನಿಕರವನ್ನಲ್ಲ, ಹಕ್ಕನ್ನು; ಆದಿವಾಸಿ ಎಂಬ ಹೆಸರೊಂದನ್ನು ಉಳಿಸಿಕೊಳ್ಳಲೂ ಅವರು ಸಭೆಯಲ್ಲಿ ವಾದಿಸಬೇಕಾಯಿತು. ಈ ವಿಷಯದಲ್ಲಿ ನಮ್ಮ ಮನಸ್ಸು ಜೈಪಾಲರ ಕಡೆಗೇ ವಾಲುತ್ತದೆ. ಆದರೂ ಆ ಹಕ್ಕಿನ ಮಾತು ನಡೆಯಬಹುದಾದ ನೆಲವನ್ನು ಹಸನು ಮಾಡಿದವರಲ್ಲಿ ಬಾಪಾ ಒಬ್ಬರೆಂಬುದನ್ನು ಅಲ್ಲಗಳೆಯಲಾರೆವು.

ಸಂವಿಧಾನದ ಐದನೆಯ ಅನುಸೂಚಿಯು ಅನುಸೂಚಿತ ಪ್ರದೇಶಗಳಲ್ಲಿ ಆದಿವಾಸಿಗಳ ಭೂಮಿ ಪರರ ಪಾಲಾಗದಂತೆ ತಡೆಯುವ, ಲೇವಾದೇವಿಗೆ ಕಡಿವಾಣ ಹಾಕುವ ಅಧಿಕಾರವನ್ನು ರಾಜ್ಯಪಾಲರಿಗೆ ಕೊಟ್ಟಿದೆ. 1950ರಲ್ಲಿ ಸಂವಿಧಾನ ಜಾರಿಗೆ ಬಂದಿತು. ಮರುವರ್ಷ ಜನವರಿ 20ರಂದು ಬಾಪಾ ಎಂಬತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮ ಕಾಂದಿವಲಿಯ ಪೂರ್ವದ ಬೆಟ್ಟಗಳಲ್ಲಿ, ಇಂದು ರಾಷ್ಟ್ರೀಯ ಉದ್ಯಾನವಾಗಿರುವ ಕಾಡಿನಲ್ಲಿ, ವಾರಲಿ ಜನರ ಪಾಡಾಗಳಿವೆ. ಹೊಟ್ಟೆಪಾಡಿಗೆ ಇಲ್ಲಿಗೆ ಬಂದವರು ನಾವು. ಅವರು ಮೊದಲಿನಿಂದ ಇದ್ದವರು. ಅದೇ ವಾರಲಿಗಳು ಉತ್ತರದ ಡಹಾಣು, ತಲಾಸರಿಗಳಲ್ಲಿದ್ದರೆ ಅನುಸೂಚಿತ ಪ್ರದೇಶದವರು. ಮುಂಬಯಿಯ ಉಪನಗರ ಜಿಲ್ಲೆಯು ಆ ಪಟ್ಟಿಯಲ್ಲಿಲ್ಲ. ಕಾಡಿನಲ್ಲಿ ತಾವು ವಾಸಿಸುವ ನೆಲದ ಮೇಲೆ ಹಕ್ಕು ಕೇಳಲು ಇವರಿಗೆ 2006ರ ಅರಣ್ಯ ಹಕ್ಕುಗಳ ಕಾಯಿದೆಯವರೆಗೆ ಕಾಯಬೇಕಾಯಿತು.