ಮರೆವನ್ನು ಅಳೆದ ಹರ್ಮನ್ ಎಬ್ಬಿಂಗ್‌ಹೌಸ್

ಪರೀಕ್ಷೆಯ ಹಿಂದಿನ ರಾತ್ರಿ ಕಂಠಪಾಠ ಮಾಡಿದುದು ಬೆಳಗಾಗುವಷ್ಟರಲ್ಲಿ ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆಯನ್ನು ತನಗೆ ತಾನೇ ಹಾಕಿಕೊಳ್ಳದ ವಿದ್ಯಾರ್ಥಿ ನಮ್ಮ ಶಾಲೆಯಲ್ಲಿರಲಿ, ಲೋಕದಲ್ಲಿಯೇ ಇರಲಾರನು. ಆದರೆ ಪ್ರಶ್ನೆ ಹಾಕಿಕೊಂಡು ನಿಟ್ಟುಸಿರುಬಿಡುವುದಕ್ಕೆ ಬದಲಾಗಿ, ಗಡಿಯಾರವನ್ನು ಮುಂದಿಟ್ಟುಕೊಂಡು ಉತ್ತರವನ್ನು ಅಳೆಯಲು ಕುಳಿತವನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ನಮ್ಮಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ, ಕಾಲೇಜಿನ ಕಲಾವಿಭಾಗವನ್ನು ಸೇರಿ, ಮನೋವಿಜ್ಞಾನವನ್ನು ಆರಿಸಿಕೊಂಡ ಹಳೆಯ ವಿದ್ಯಾರ್ಥಿಗಳಿಗೆ ಈ ಹೆಸರು ಅಪರಿಚಿತವಲ್ಲ. ಸ್ಮೃತಿಯನ್ನು ಕುರಿತ ಅಧ್ಯಾಯದಲ್ಲಿ ಕೆಳಕ್ಕೆ ಜಾರುವ ಒಂದು ಗೆರೆಯ ಪಕ್ಕದಲ್ಲಿ ಅದು ಅಚ್ಚಾಗಿರುತ್ತದೆ. ಪರೀಕ್ಷೆಗಾಗಿ ಅದನ್ನು ಉರು ಹೊಡೆದು, ಆತನೇ ಕಂಡುಹಿಡಿದ ನಿಯಮಕ್ಕನುಸಾರವಾಗಿ ಮರುದಿನ ಮರೆತುಬಿಡುವವರೂ ಉಂಟು. ಆ ಗೆರೆಯ ಹಿಂದಿದ್ದ ಮನುಷ್ಯನ ಬಾಳು ನಮ್ಮ ಬಾಲಕ ಬಾಲಕಿಯರಿಗೆ ತಿಳಿದಿರಲೆಂದು ನಾವು ಈ ಲೇಖನಕ್ಕೆ ಕೈಹಾಕಿದ್ದೇವೆ.

ಎಬ್ಬಿಂಗ್‌ಹೌಸನು 1850ನೆಯ ಇಸವಿಯ ಜನವರಿ 24ರಂದು ಬಾರ್ಮೆನ್ ಎಂಬ ಊರಿನಲ್ಲಿ ಜನಿಸಿದನು. ಇಂದು ಆ ಊರು ವುಪ್ಪರ್ಟಾಲ್ ನಗರದ ಒಂದು ಭಾಗವಾಗಿದೆ. ತಂದೆ ಅನುಕೂಲಸ್ಥನಾದ ವರ್ತಕ. ಹದಿನೇಳನೆಯ ವಯಸ್ಸಿನಲ್ಲಿ ಹುಡುಗನು ಬಾನ್ ವಿಶ್ವವಿದ್ಯಾಲಯವನ್ನು ಸೇರಿ, ಇತಿಹಾಸ, ಭಾಷಾಶಾಸ್ತ್ರಗಳಿಂದ ಆರಂಭಿಸಿ ಕ್ರಮೇಣ ತತ್ತ್ವಶಾಸ್ತ್ರದ ಕಡೆಗೆ ಒಲಿದನು. 1870ರಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ಹೊತ್ತಿಕೊಂಡಾಗ ಪುಸ್ತಕಗಳನ್ನು ಬದಿಗಿಟ್ಟು ಸೈನ್ಯಕ್ಕೆ ಹೋಗಬೇಕಾಯಿತು. ಮರಳಿ ಬಂದು 1873ರಲ್ಲಿ ಡಾಕ್ಟರ್ ಪದವಿಯನ್ನು ಪಡೆದನು. ಆಮೇಲಿನ ಕೆಲವು ವರುಷಗಳು ಇಂಗ್ಲೆಂಡಿನಲ್ಲಿಯೂ ಫ್ರಾನ್ಸಿನಲ್ಲಿಯೂ ಪಾಠ ಹೇಳುತ್ತ, ತಾನೂ ಓದುತ್ತ ಕಳೆದುವು. ಹೊಟ್ಟೆಪಾಡಿಗಾಗಿ ಪರಸ್ಥಳದಲ್ಲಿ ಪಾಠ ಹೇಳುವುದೆಂದರೇನೆಂದು ಬಲ್ಲ ನಮ್ಮಂಥವರಿಗೆ ಅವನ ಈ ವರುಷಗಳ ಮೇಲೆ ವಿಶೇಷವಾದ ಮಮತೆ.

ಈ ಅಲೆದಾಟದ ಕಾಲದಲ್ಲಿ, ಪ್ಯಾರಿಸ್ಸಿನ ಹಳೆಯ ಪುಸ್ತಕದಂಗಡಿಯೊಂದರಲ್ಲಿ, ಅವನ ಕೈಗೆ ಫೆಕ್ನರನೆಂಬ ವಿಜ್ಞಾನಿಯ ಗ್ರಂಥವೊಂದು ಸಿಕ್ಕಿತೆಂದು ಹೇಳುತ್ತಾರೆ. 1860ರಲ್ಲಿ ಪ್ರಕಟವಾಗಿದ್ದ ಆ ಗ್ರಂಥ, ಬೆಳಕು, ಭಾರ ಮೊದಲಾದವುಗಳಿಂದ ಮನಸ್ಸಿಗಾಗುವ ಅನುಭವವನ್ನು ಲೆಕ್ಕಕ್ಕೆ ತರಬಹುದೆಂದು ತೋರಿಸಿಕೊಟ್ಟಿತ್ತು. ಹಾಗಾದರೆ ಸ್ಮೃತಿಯನ್ನೇಕೆ ಅಳೆಯಬಾರದು ಎಂಬ ಆಲೋಚನೆ ಎಬ್ಬಿಂಗ್‌ಹೌಸನಲ್ಲಿ ಮೊಳೆಯಿತು. ಆ ಕಾಲಕ್ಕೆ ಇದು ಸಾಹಸವೇ ಸರಿ. 1879ರಲ್ಲಿ ಲೈಪ್ಜಿಗ್ಗಿನಲ್ಲಿ ಪ್ರಯೋಗಶಾಲೆಯನ್ನು ತೆರೆದ ಮಹಾಪಂಡಿತ ವುಂಟನೂ ಸಹ, ಸ್ಮೃತಿಯಂತಹ ಉನ್ನತ ಮನೋವ್ಯಾಪಾರಗಳು ಪ್ರಯೋಗಕ್ಕೆ ಒಗ್ಗುವುದಿಲ್ಲವೆಂದು ನಂಬಿದ್ದನು. ಎಬ್ಬಿಂಗ್‌ಹೌಸನಿಗಾದರೋ ಪ್ರಯೋಗಶಾಲೆಯಿಲ್ಲ, ಮಾರ್ಗದರ್ಶಕನಾದ ಗುರುವಿಲ್ಲ, ಪರೀಕ್ಷೆಗೆ ಒಳಪಡುವ ಶಿಷ್ಯರೂ ಇಲ್ಲ. ಆದುದರಿಂದ ತನ್ನ ಮನಸ್ಸನ್ನೇ ತಕ್ಕಡಿಯಾಗಿ ಮಾಡಿಕೊಂಡು, ತೂಗುವ ವಸ್ತುವನ್ನಾಗಿಯೂ ಅದನ್ನೇ ಮಾಡಿಕೊಂಡನು.

ಇಲ್ಲಿ ಒಂದು ತೊಡಕು ಎದುರಾಯಿತು. ಪದ್ಯವನ್ನೋ ಗದ್ಯವನ್ನೋ ಬಾಯಿಪಾಠ ಮಾಡಿದರೆ, ಅರ್ಥ, ಪ್ರಾಸ, ಹಿಂದಿನ ಪರಿಚಯ ಇವೆಲ್ಲ ನೆರವಿಗೆ ಬರುತ್ತವೆ. ಶುದ್ಧವಾದ ಸ್ಮೃತಿಯ ಬಲವೆಷ್ಟೆಂದು ತಿಳಿಯುವುದಿಲ್ಲ. ಅದಕ್ಕಾಗಿ ಅವನು ಎರಡು ವ್ಯಂಜನಗಳ ನಡುವೆ ಒಂದು ಸ್ವರವನ್ನಿಟ್ಟು ಸುಮಾರು 2300 ನಿರರ್ಥಕ ಶಬ್ದಖಂಡಗಳನ್ನು ರಚಿಸಿದನು. ಡೇಪ್, ಗೂಸ್, ರೋಫ್ ಎಂಬ ರೀತಿಯವು ಎಂದು ಭಾವಿಸಿಕೊಳ್ಳಿರಿ. ಪದದ ಕೊನೆಗೆ ಸ್ವರವಿಲ್ಲದಿದ್ದರೆ ಕನ್ನಡದ ನಾಲಗೆಗೆ ಸಮಾಧಾನವಿಲ್ಲ. ನಮಗೆ ಈ ಕೆಲಸ ಇನ್ನೂ ಕಠಿಣವಾಗುತ್ತಿತ್ತೇನೋ! ಈ ಖಂಡಗಳನ್ನು ಬೆರಸಿ, ಕೈಗೆ ಬಂದವುಗಳನ್ನು ಸಾಲಾಗಿ ಬರೆದುಕೊಂಡು, ನಿಮಿಷಕ್ಕೆ 150ರ ವೇಗದಲ್ಲಿ ಗಟ್ಟಿಯಾಗಿ ಓದುವುದು. ಇಡೀ ಸಾಲು ತಪ್ಪಿಲ್ಲದೆ ಬರುವವರೆಗೆ ಬಿಡದಿರುವುದು. ನಿಯತವಾದ ಕಾಲ ಕಳೆದ ಮೇಲೆ ಅದೇ ಸಾಲನ್ನು ಮತ್ತೆ ಕಲಿಯುವುದು. ಇದು ಅವನ ಕ್ರಮ. 1879–80ರಲ್ಲಿ ಒಂದು ಸುತ್ತು, 1883–84ರಲ್ಲಿ ಮತ್ತೊಂದು ಸುತ್ತು ನಡೆಯಿತು. ಪ್ರಯೋಗದ ತಿಂಗಳುಗಳಲ್ಲಿ ದಿನಚರಿ ಏರುಪೇರಾಗದಂತೆ ಎಚ್ಚರ ವಹಿಸಿದನು. ಸಂಜೆ ಆರರಿಂದ ಎಂಟರವರೆಗಿನ ಕಲಿಕೆಗೆ ಬೆಳಗಿನದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆಂಬುದನ್ನೂ ಗುರುತು ಹಾಕಿಕೊಂಡನು. ಒಂದೇ ಕೋಣೆಯ ಮನೆಯಲ್ಲಿ, ದೂರದರ್ಶನದ ಸದ್ದಿನ ನಡುವೆ, ಅದೇ ಹೊತ್ತಿನಲ್ಲಿ ಓದಲು ಕುಳಿತುಕೊಳ್ಳುವ ನಮ್ಮ ಮಕ್ಕಳು ಇದನ್ನು ಗಮನಿಸಲಿ. ಪಾಲಕರು ಅವರಿಗಿಂತಲೂ ಹೆಚ್ಚಾಗಿ ಗಮನಿಸಲಿ.

ಅಳತೆಯ ಜಾಣ್ಮೆಯನ್ನು ಇಲ್ಲಿ ವಿವರಿಸಲೇಬೇಕು. ನೆನಪಿದೆಯೇ ಇಲ್ಲವೇ ಎಂದು ಅವನು ಕೇಳಿಕೊಳ್ಳಲಿಲ್ಲ. ಮೊದಲು ಕಲಿಯಲು 20 ನಿಮಿಷ ಹಿಡಿದ ಪಾಠವನ್ನು ಮತ್ತೆ ಕಲಿಯಲು 12 ನಿಮಿಷ ಸಾಕಾದರೆ, 8 ನಿಮಿಷಗಳ ಉಳಿತಾಯವಾಯಿತು. ಎಂದರೆ ನೂರಕ್ಕೆ 40ರಷ್ಟು ಶ್ರಮ ಮನಸ್ಸಿನಲ್ಲಿ ಉಳಿದಿತ್ತೆಂದು ಅರ್ಥ. ನಾಲಗೆಗೆ ಒಂದಕ್ಷರವೂ ಬಾರದಿರುವಾಗಲೂ ಒಳಗೆ ಏನೋ ಉಳಿದಿರಬಹುದೆಂಬುದು ಈ ಲೆಕ್ಕದಿಂದ ಗೋಚರವಾಗುತ್ತದೆ. ಹದಿಮೂರು ಖಂಡಗಳ ಎಂಟೆಂಟು ಸಾಲುಗಳನ್ನು ಕಲಿತು ಮರಳಿ ಕಲಿಯುವ ಈ ಪರೀಕ್ಷೆಯನ್ನು ಅವನು 163 ಬಾರಿ ನಡೆಸಿದನು. ಉಳಿತಾಯವು ಇಪ್ಪತ್ತು ನಿಮಿಷಗಳ ಮೇಲೆ ನೂರಕ್ಕೆ 58, ಒಂದು ಗಂಟೆಯ ಮೇಲೆ 44, ಒಂದು ದಿನದ ಮೇಲೆ 34. ಅಷ್ಟು ಹೊತ್ತಿಗೆ ಸೋರುವುದು ಬಹುಪಾಲು ಸೋರಿಹೋಗಿರುತ್ತದೆ. ಆಮೇಲೆ ಆರು ದಿನಗಳಾದಾಗ 25, ಒಂದು ತಿಂಗಳಾದಾಗಲೂ 21! ಕಲಿತೊಡನೆ ಮರೆವು ಧಾವಿಸುತ್ತದೆ, ಬರಬರುತ್ತ ಕುಂಟುತ್ತದೆ. ಪಠ್ಯಪುಸ್ತಕದ ಆ ಜಾರುವ ಗೆರೆ ಇದೇ.

ಇಷ್ಟೇ ಆಗಿದ್ದರೆ ವಿದ್ಯಾರ್ಥಿಗಳಿಗೆ ನಿರಾಶೆಯ ಸುದ್ದಿಯಾಗುತ್ತಿತ್ತು. ಆದರೆ ಹನ್ನೆರಡು ಖಂಡಗಳ ಸಾಲುಗಳನ್ನಿಟ್ಟುಕೊಂಡು ಅವನು ಮಾಡಿದ ಇನ್ನೊಂದು ಪ್ರಯೋಗವಿದೆ. ಒಂದೇ ದಿನ 68 ಸಲ ಓದಿದುದರಿಂದ ಮರುದಿನ ಎಷ್ಟು ಪ್ರಯೋಜನವಾಯಿತೋ, ಮೂರು ದಿನಗಳಲ್ಲಿ ಹಂಚಿಕೊಂಡು ಒಟ್ಟು 38 ಸಲ ಓದಿದುದರಿಂದಲೂ ನಾಲ್ಕನೆಯ ದಿನ ಅಷ್ಟೇ ಪ್ರಯೋಜನವಾಯಿತು. ಮೂವತ್ತು ಆವೃತ್ತಿಗಳು ಉಳಿದುವು. ನಡುವೆ ಬಿಡುವುಕೊಟ್ಟು ಮರಳಿ ಮರಳಿ ನೋಡುವವನಿಗೆ ಶ್ರಮ ಕಡಮೆ. ಮಗ್ಗಿಯನ್ನು ದಿನವೂ ಹೇಳಿಸುತ್ತಿದ್ದ ನಮ್ಮ ಹಳೆಯ ಶಾಲೆಗಳ ಪದ್ಧತಿಯಲ್ಲಿ ಬೆತ್ತವೊಂದನ್ನು ಬಿಟ್ಟರೆ ಉಳಿದುದೆಲ್ಲ ಸರಿಯಾಗಿತ್ತೆಂದು ನಮ್ಮ ಅಭಿಪ್ರಾಯ. ಅವನು ಬೈರನ್ ಕವಿಯ ‘ಡಾನ್ ಜುವಾನ್’ ಕಾವ್ಯದ ಪದ್ಯಗಳನ್ನೂ ಕಲಿತು ನೋಡಿದನು. ಅರ್ಥವಿಲ್ಲದ ಖಂಡಗಳಿಗೆ ಬೇಕಾಗುವ ಶ್ರಮದ ಸುಮಾರು ಹತ್ತರಲ್ಲೊಂದು ಪಾಲು ಅರ್ಥವುಳ್ಳ ಪದ್ಯಕ್ಕೆ ಸಾಕಾಯಿತು. ಮನೋವಿಜ್ಞಾನದ ವ್ಯಾಖ್ಯೆಗಳನ್ನು ತಿಳಿಯದೆ ಗಿಳಿಪಾಠ ಮಾಡುವವರು ಎಬ್ಬಿಂಗ್‌ಹೌಸನ ನಿರರ್ಥಕ ಖಂಡಗಳನ್ನೇ ಕಲಿಯುತ್ತಿದ್ದಾರೆಂದು ಹೇಳಿದರೆ ತಪ್ಪಾಗದು.

ಈ ಫಲಿತಾಂಶಗಳು 1885ರಲ್ಲಿ ಸ್ಮೃತಿಯನ್ನು ಕುರಿತ ಒಂದು ಚಿಕ್ಕ ಗ್ರಂಥವಾಗಿ ಹೊರಬಂದುವು. ಮರುವರ್ಷ ಬರ್ಲಿನ್ನಿನಲ್ಲಿ ಕಿರಿಯ ಪ್ರಾಧ್ಯಾಪಕನ ಸ್ಥಾನ ದೊರೆಯಿತು. 1890ರಲ್ಲಿ ಭೌತಶಾಸ್ತ್ರಜ್ಞ ಆರ್ಥರ್ ಕೋನಿಗನೊಡನೆ ಒಂದು ವಿದ್ವತ್ ಪತ್ರಿಕೆಯನ್ನು ಸ್ಥಾಪಿಸಿದನು. ಆದರೆ ಅವನು ಬರೆದು ಪ್ರಕಟಿಸುತ್ತಿದ್ದುದು ಸ್ವಲ್ಪ. ಪುಟಗಳನ್ನೆಣಿಸಿ ಪಂಡಿತರನ್ನು ತೂಗುವ ಪರಿಪಾಠ ಅಂದೂ ಇದ್ದಿತು. 1894ರಲ್ಲಿ ಬರ್ಲಿನ್ನಿನ ಹಿರಿಯ ಪೀಠ ಕಾರ್ಲ್ ಸ್ಟುಂಫನಿಗೆ ಹೋಯಿತು; ಎಬ್ಬಿಂಗ್‌ಹೌಸನು ಬ್ರೆಸ್ಲೌ ನಗರಕ್ಕೆ ತೆರಳಿದನು. ಇಂದು ಅದು ಪೋಲೆಂಡಿನ ವ್ರೊತ್ಸ್ವಾಫ್. ಅದೇ ವರುಷ ಡಿಲ್ಟೈ ಎಂಬ ತತ್ತ್ವಜ್ಞಾನಿಯು ಮನಸ್ಸನ್ನು ಪ್ರಕೃತಿವಿಜ್ಞಾನದ ರೀತಿಯಲ್ಲಿ ವಿವರಿಸಹೊರಡುವುದನ್ನೇ ಖಂಡಿಸಿ ಬರೆದಾಗ, ಅದಕ್ಕೆ ಬಲವಾದ ಪ್ರತ್ಯುತ್ತರವನ್ನು ಕೊಟ್ಟವನೂ ಇವನೇ.

ಬ್ರೆಸ್ಲೌವಿನಲ್ಲಿ ನಡೆದ ಒಂದು ಕೆಲಸ ನಮ್ಮ ವಿದ್ಯಾರ್ಥಿಗಳಿಗೆ ನೇರವಾಗಿ ಸಂಬಂಧಿಸಿದುದು. ಬೆಳಗಿನಿಂದ ಎಡೆಬಿಡದೆ ಪಾಠ ಕೇಳುವ ಮಕ್ಕಳ ಬುದ್ಧಿ ಎಷ್ಟು ದಣಿಯುತ್ತದೆಂಬ ಪ್ರಶ್ನೆ ಎದ್ದಿತು. ಅವನು ಅಲ್ಲಲ್ಲಿ ಪದಗಳನ್ನೂ ಪದಭಾಗಗಳನ್ನೂ ತೆಗೆದುಹಾಕಿದ ಗದ್ಯವನ್ನು ಮಕ್ಕಳ ಮುಂದಿಟ್ಟು ತುಂಬಿಸುವಂತೆ ಹೇಳಿದನು. 1897ರಲ್ಲಿ ಪ್ರಕಟವಾದ ಈ ವಿಧಾನ, ದಣಿವಿಗಿಂತ ಹೆಚ್ಚಾಗಿ, ಚುರುಕಾದ ಮಕ್ಕಳಿಗೂ ಮಂದವಾದವರಿಗೂ ಇರುವ ಅಂತರವನ್ನು ತೋರಿಸಿತು. ಮುಂದೆ ಫ್ರಾನ್ಸಿನ ಬಿನೆ ತನ್ನ ಬುದ್ಧಿಪರೀಕ್ಷೆಯಲ್ಲಿ ಇದನ್ನು ಬಳಸಿಕೊಂಡನು. ಬಿಟ್ಟ ಸ್ಥಳಗಳನ್ನು ತುಂಬಿರಿ ಎಂದು ಪ್ರಶ್ನೆಪತ್ರಿಕೆಯಲ್ಲಿ ಕಾಣುವುದು ಇದರ ಹತ್ತಿರದ ಬಂಧು.

ಅವನ ವಿಸ್ತಾರವಾದ ಮನೋವಿಜ್ಞಾನ ಗ್ರಂಥದ ಮೊದಲ ಸಂಪುಟ 1902ರಲ್ಲಿ ಪೂರ್ಣಗೊಂಡಿತು. ಹಳೆಯ ಪುಸ್ತಕದಂಗಡಿಯ ಋಣವನ್ನು ಅವನು ಮರೆತಿರಲಿಲ್ಲ. ಆ ಗ್ರಂಥವನ್ನು ದಿವಂಗತ ಫೆಕ್ನರನಿಗೆ ಅರ್ಪಿಸಿದನು. ತಾರುಣ್ಯದಲ್ಲಿ ಕಲಿತ ಬೈರನ್ನನ ಪದ್ಯಗಳನ್ನು ಇಪ್ಪತ್ತೆರಡು ವರುಷಗಳ ತರುವಾಯ ಮತ್ತೆ ಕಲಿತು ನೋಡಿದುದೂ ಉಂಟು. ಪೂರಾ ಮರೆತುಹೋಗಿದ್ದ ಆ ಪದ್ಯಗಳು ಹೊಸ ಪದ್ಯಗಳಿಗಿಂತ ತುಸು ಬೇಗನೆಯೇ ಬಂದುವು!

1905ರಲ್ಲಿ ಅವನು ಹಾಲೆ ವಿಶ್ವವಿದ್ಯಾಲಯಕ್ಕೆ ಹೋದನು. ಸರಳವೂ ಸ್ಪಷ್ಟವೂ ಆದ ಅವನ ಸಂಕ್ಷಿಪ್ತ ಮನೋವಿಜ್ಞಾನ 1908ರಲ್ಲಿ ಅಚ್ಚಾಯಿತು. ಮರುವರ್ಷ, 1909ರ ಫೆಬ್ರವರಿ 26ರಂದು, ಶ್ವಾಸಕೋಶದ ಉರಿಯೂತದಿಂದ, ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಅವನು ತೀರಿಕೊಂಡನು. ದೊಡ್ಡ ಗ್ರಂಥದ ಎರಡನೆಯ ಸಂಪುಟ ಅರ್ಧಕ್ಕೆ ನಿಂತಿತ್ತು. ಅದನ್ನು ಡ್ಯೂರ್ ಎಂಬ ವಿದ್ವಾಂಸನು ಮುಂದುವರಿಸಿದನು. ಒಬ್ಬನೇ ಮನುಷ್ಯನು ತನ್ನೊಬ್ಬನ ಮೇಲೆಯೇ ನಡೆಸಿದ ಪ್ರಯೋಗವನ್ನು ನಂಬುವುದೆಂತು ಎಂಬ ಸಂದೇಹ ಮಾತ್ರ ಬಹುಕಾಲ ಉಳಿದಿತ್ತು. ಅದು ನ್ಯಾಯವಾದ ಸಂದೇಹವೇ. 2015ರಲ್ಲಿ ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದ ಸಂಶೋಧಕರು ಅವನ ಕ್ರಮವನ್ನೇ ಅನುಸರಿಸಿದ ಒಂದು ಪ್ರಯೋಗವನ್ನು ಪ್ರಕಟಿಸಿದರು. ಅಲ್ಲಿಯೂ ಒಬ್ಬನೇ ಕುಳಿತು ನಿರರ್ಥಕ ಖಂಡಗಳನ್ನು ಎಪ್ಪತ್ತು ಗಂಟೆಗಳ ಕಾಲ ಕಲಿತನು, ಮರೆತನು, ಮತ್ತೆ ಕಲಿತನು. ಅವನಿಂದ ದೊರೆತ ಗೆರೆಯನ್ನು 1885ರ ಗೆರೆಯ ಪಕ್ಕದಲ್ಲಿಟ್ಟು ನೋಡಿದಾಗ ಎರಡೂ ಹೆಚ್ಚುಕಡಮೆ ಒಂದೇ ದಾರಿಯಲ್ಲಿ ಇಳಿದಿದ್ದುವು.