ಓಟದ ಕುದುರೆಗೆ ತಕ್ಕಡಿ ಹಿಡಿದ ನೌಕಾಧಿಕಾರಿ ಅಡ್ಮಿರಲ್ ರೌಸ್

ತುಮಕೂರಿನ ಮರಳೂರು ದಾಟಿ ದಕ್ಷಿಣಕ್ಕೆ ಸಾಗುವ ರಸ್ತೆ ಕುಣಿಗಲ್ ತಲುಪುತ್ತದೆ. ಟಿಪ್ಪು ಸುಲ್ತಾನನ ಅಶ್ವಸೈನ್ಯಕ್ಕೆ ಕುದುರೆಗಳನ್ನು ಒದಗಿಸಿದ ಕುಣಿಗಲ್ ಸ್ಟಡ್ ಫಾರಂ ಮುಂದಿನ ಕಾಲದಲ್ಲಿ ರೇಸ್ ಕುದುರೆಗಳ ತಳಿಗೆ ಹೆಸರಾಯಿತು. ಇಲ್ಲಿ ಹುಟ್ಟಿದ ಮರಿಗಳು ಬೆಳೆದು ಬೆಂಗಳೂರು, ಮೈಸೂರಿನಂತಹ ಊರುಗಳ ರೇಸ್ ಮೈದಾನಗಳಲ್ಲಿ ಓಡಿವೆ. ಹಾಗೆ ಓಡುವ ಕುದುರೆ ಬೆನ್ನ ಮೇಲೆ ಎಷ್ಟು ತೂಕ ಹೊರಬೇಕು ಎಂಬುದನ್ನು ಅದರ ಮಾಲೀಕ ನಿರ್ಧರಿಸುವಂತಿಲ್ಲ. ಕುದುರೆಯ ವಯಸ್ಸನ್ನೂ ಹಿಂದಿನ ಓಟಗಳನ್ನೂ ನೋಡಿ ಅದನ್ನು ಗೊತ್ತುಪಡಿಸುವ ಒಂದು ಶಾಸ್ತ್ರವಿದೆ. ಅದರ ಹೆಸರು ಹ್ಯಾಂಡಿಕ್ಯಾಪ್. ಈ ಶಾಸ್ತ್ರಕ್ಕೆ ಗಟ್ಟಿಯಾದ ಅಡಿಪಾಯ ಹಾಕಿದವನು ಬದುಕಿನ ಮೊದಲರ್ಧವನ್ನು ಸಮುದ್ರದ ಮೇಲೆ ಕಳೆದ ಬ್ರಿಟಿಷ್ ನೌಕಾಧಿಕಾರಿ ಹೆನ್ರಿ ಜಾನ್ ರೌಸ್.

ಸಮುದ್ರದ ಪಾಠಶಾಲೆ

ರೌಸ್ ಜನಿಸಿದ್ದು 1795ರ ಜನವರಿ 23ರಂದು. ತಂದೆ ಸ್ಟ್ರಾಡ್‌ಬ್ರೋಕ್‌ನ ಮೊದಲ ಅರ್ಲ್. ಎರಡನೆಯ ಮಗನಾದ್ದರಿಂದ ಪದವಿಯೂ ಜಹಗೀರೂ ಅಣ್ಣನ ಪಾಲಾಗುವುದು ನಿಶ್ಚಿತವಾಗಿತ್ತು. ಅಂದಿನ ಶ್ರೀಮಂತ ಮನೆತನಗಳ ಕಿರಿಯ ಮಕ್ಕಳಂತೆ ಆತನೂ ಬಾಲ್ಯದಲ್ಲಿಯೇ, 1808ರಲ್ಲಿ, ನೌಕಾಪಡೆ ಸೇರಿದ. ನೆಪೋಲಿಯನ್ ಯುದ್ಧಗಳ ಕಾಲವದು. ಏಡ್ರಿಯಾಟಿಕ್ ಸಮುದ್ರದಲ್ಲಿ ಕ್ಯಾಪ್ಟನ್ ವಿಲಿಯಂ ಹೋಸ್ಟ್ ನಾಯಕತ್ವದ ಬಕಾಂಟಿ ಹಡಗಿನಲ್ಲಿ ಹೋರಾಡಿ ಧೈರ್ಯಕ್ಕೆ ಹೆಸರು ಪಡೆದ. 1823ರಲ್ಲಿ ಕ್ಯಾಪ್ಟನ್ ಹುದ್ದೆ ದೊರೆಯಿತು.

1825ರಿಂದ ರೈನ್‌ಬೋ ಎಂಬ ಯುದ್ಧನೌಕೆಯ ನಾಯಕನಾಗಿ ಪೂರ್ವದ ಸಮುದ್ರಗಳಲ್ಲಿ ಸಂಚರಿಸಿದ. ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ರಿಚ್ಮಂಡ್ ನದಿಯ ಮುಖವನ್ನು 1828ರಲ್ಲಿ ಶೋಧಿಸಿದ. ಅದಕ್ಕೆ ಒಂದು ವರ್ಷ ಮೊದಲು ಅಲ್ಲಿನ ಗವರ್ನರ್ ಡಾರ್ಲಿಂಗ್ ಒಂದು ದ್ವೀಪಕ್ಕೆ ಸ್ಟ್ರಾಡ್‌ಬ್ರೋಕ್ ಎಂದು ರೌಸ್ ಮನೆತನದ ಹೆಸರಿಟ್ಟಿದ್ದ. ಆ ಹೆಸರು ಇಂದಿಗೂ ಉಳಿದಿದೆ.

ಆತನ ನೌಕಾಜೀವನದ ಅಗ್ನಿಪರೀಕ್ಷೆ ಎದುರಾದದ್ದು 1835ರಲ್ಲಿ. ಕೆನಡಾದಿಂದ ಗವರ್ನರ್ ಲಾರ್ಡ್ ಐಲ್ಮರ್‌ನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೊರಟಿದ್ದ ಪೀಕ್ ಎಂಬ ಹಡಗು ಸೆಪ್ಟೆಂಬರ್‌ನಲ್ಲಿ ಲ್ಯಾಬ್ರಡಾರ್ ತೀರದ ಬಂಡೆಗಳ ಮೇಲೆ ಏರಿ ಸಿಕ್ಕಿಕೊಂಡಿತು. ಹಡಗನ್ನು ಹಗುರಗೊಳಿಸಿ, ಬಂಡೆಯಿಂದ ಬಿಡಿಸಿ, ತಳ ಒಡೆದು ನೀರು ನುಗ್ಗುತ್ತಿದ್ದ ಸ್ಥಿತಿಯಲ್ಲಿಯೇ ರೌಸ್ ಅಟ್ಲಾಂಟಿಕ್ ಸಾಗರಕ್ಕೆ ಇಳಿದ. ನಡುದಾರಿಯಲ್ಲಿ ಚುಕ್ಕಾಣಿಯೂ ಕೈಕೊಟ್ಟಿತು. ನಾವಿಕರು ಹಗಲಿರುಳು ನೀರೆತ್ತಿದರು. ಸುಮಾರು 1,500 ಮೈಲಿ ಚುಕ್ಕಾಣಿಯಿಲ್ಲದೆ ತೇಲಿಬಂದ ಪೀಕ್, ಅಕ್ಟೋಬರ್ ನಡುವಿನಲ್ಲಿ ಇಂಗ್ಲೆಂಡಿನ ತೀರ ಮುಟ್ಟಿತು. ವಾಡಿಕೆಯಂತೆ ಸೇನಾ ನ್ಯಾಯಾಲಯದ ವಿಚಾರಣೆ ನಡೆದು ನಾಯಕ ನಿರ್ದೋಷಿಯೆಂದು ತೀರ್ಪಾಯಿತು. ರೌಸ್ ಮತ್ತೆ ಹಡಗಿನ ನಾಯಕತ್ವ ವಹಿಸಲಿಲ್ಲ. 1836ರ ಆರಂಭದಲ್ಲಿ ಸೋಫಿಯಾ ಕತ್‌ಬರ್ಟ್‌ಳನ್ನು ವಿವಾಹವಾಗಿ ದಡದ ಬದುಕಿಗೆ ಹೊಂದಿಕೊಂಡ. ಸೇವಾ ಹಿರಿತನದ ಮೇಲೆ ಅಡ್ಮಿರಲ್ ಪದವಿ ದೊರೆತದ್ದು ಬಹಳ ವರ್ಷಗಳ ಅನಂತರ.

ಮೋಸದ ಮೈದಾನ

ಕುದುರೆಯ ಹುಚ್ಚು ಆತನಿಗೆ ಮನೆತನದಿಂದಲೇ ಬಂದದ್ದು. ಆಗ ಬ್ರಿಟಿಷ್ ರೇಸ್ ಜಗತ್ತಿನ ಆಡಳಿತ ಸಂಸ್ಥೆಯಾಗಿದ್ದ ಜಾಕಿ ಕ್ಲಬ್‌ನ ಸ್ಟೂವರ್ಡ್ ಆಗಿ 1838ರಲ್ಲಿ ಆಯ್ಕೆಯಾದ. 1841ರಲ್ಲಿ ವೆಸ್ಟ್‌ಮಿನ್‌ಸ್ಟರ್ ಕ್ಷೇತ್ರದಿಂದ ಪಾರ್ಲಿಮೆಂಟ್ ಪ್ರವೇಶಿಸಿ, ಐದು ವರ್ಷಗಳ ಬಳಿಕ ಮರುಚುನಾವಣೆಯಲ್ಲಿ ಸೋತ. ರಾಜಕೀಯದಲ್ಲಿ ಆತನಿಗೆ ಹೆಚ್ಚಿನ ಯಶಸ್ಸು ಸಿಗಲಿಲ್ಲ. ರೇಸ್ ಮೈದಾನದ ಕೆಲಸ ಮಾತ್ರ ಕೊನೆಯವರೆಗೂ ಬಿಡಲಿಲ್ಲ.

ಆ ಕಾಲದ ರೇಸ್ ಮೈದಾನ ಮೋಸಕ್ಕೆ ಕುಖ್ಯಾತವಾಗಿತ್ತು. 1844ರ ಡರ್ಬಿ ಇದಕ್ಕೆ ಸಾಕ್ಷಿ. ಮೂರು ವರ್ಷದ ಕುದುರೆಗಳಿಗೆ ಮಾತ್ರ ಮೀಸಲಾದ ಈ ಓಟದಲ್ಲಿ ರನ್ನಿಂಗ್ ರೀನ್ ಎಂಬ ಹೆಸರಿನ ಕುದುರೆ ಗೆದ್ದಿತು. ಅದು ನಾಲ್ಕು ವರ್ಷದ ಬೇರೆಯೇ ಕುದುರೆಯೆಂದು ಆಮೇಲೆ ಬಯಲಾಯಿತು. ಗೆಲುವು ಎರಡನೆಯದಾಗಿ ಬಂದ ಆರ್ಲ್ಯಾಂಡೊ ಪಾಲಾಯಿತು. ಎಳೆಯ ಕುದುರೆಗಳ ನಡುವೆ ಒಂದೇ ವರ್ಷ ದೊಡ್ಡ ಕುದುರೆಯನ್ನು ನುಗ್ಗಿಸಿದರೆ ಓಟದ ಅರ್ಥವೇ ಕೆಡುತ್ತದೆ ಎಂಬುದು ಇದರಿಂದ ಎಲ್ಲರಿಗೂ ಮನದಟ್ಟಾಯಿತು.

ಈ ವಂಚನೆಯನ್ನು ಬಯಲಿಗೆಳೆದವನು ಲಾರ್ಡ್ ಜಾರ್ಜ್ ಬೆಂಟಿಂಕ್. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಮೈಸೂರು ಸಂಸ್ಥಾನದ ಆಡಳಿತವನ್ನು ಕಿತ್ತುಕೊಂಡ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್‌ನ ಅಣ್ಣನ ಮಗನೀತ. 1848ರಲ್ಲಿ ಜಾರ್ಜ್ ತೀರಿಕೊಂಡಾಗ ರೇಸ್ ಜಗತ್ತನ್ನು ಶುದ್ಧಗೊಳಿಸುವ ಹೊಣೆ ರೌಸ್‌ನ ಹೆಗಲೇರಿತು. 1850ರಲ್ಲಿ ಆತ ಕುದುರೆ ಓಟದ ನಿಯಮ ಹಾಗೂ ಪದ್ಧತಿಗಳನ್ನು ಕುರಿತ ಗ್ರಂಥ ಪ್ರಕಟಿಸಿದ.

ಎಂಟೂವರೆ ಪೌಂಡಿನ ತೀರ್ಪು

ರೌಸ್‌ನ ತೂಕದ ಲೆಕ್ಕಕ್ಕೆ ದೇಶವಿಡೀ ಸಾಕ್ಷಿಯಾದದ್ದು 1851ರ ಮೇ 13ರಂದು, ಯಾರ್ಕ್ ಮೈದಾನದಲ್ಲಿ. ಐದು ವರ್ಷದ ಫ್ಲೈಯಿಂಗ್ ಡಚ್‌ಮನ್ 1849ರ ಡರ್ಬಿ ಗೆದ್ದಿತ್ತು. ನಾಲ್ಕು ವರ್ಷದ ವೋಲ್ಟಿಜರ್ 1850ರ ಡರ್ಬಿ ಗೆದ್ದಿತ್ತು. ಹಿಂದಿನ ವರ್ಷ ಡಾನ್‌ಕಾಸ್ಟರ್‌ನಲ್ಲಿ ಕಿರಿಯ ಕುದುರೆ ಹಿರಿಯನನ್ನು ಸೋಲಿಸಿತ್ತು. ಫ್ಲೈಯಿಂಗ್ ಡಚ್‌ಮನ್ ತನ್ನ ಜೀವಮಾನದಲ್ಲಿ ಕಂಡ ಸೋಲು ಅದೊಂದೇ. ಯಾವುದು ನಿಜಕ್ಕೂ ಉತ್ತಮ ಎಂಬ ವಾದಕ್ಕೆ ಕೊನೆ ಹಾಡಲು ಎರಡೇ ಕುದುರೆಗಳ ಎರಡು ಮೈಲಿಯ ಪಂದ್ಯ ಏರ್ಪಟ್ಟಿತು. ತೂಕ ನಿಗದಿಯ ಕೆಲಸವನ್ನು ಎರಡೂ ಕಡೆಯವರು ರೌಸ್‌ಗೆ ಒಪ್ಪಿಸಿದರು. ಹಿರಿಯ ಕುದುರೆ ಕಿರಿಯದಕ್ಕಿಂತ ಎಂಟೂವರೆ ಪೌಂಡ್, ಎಂದರೆ ನಾಲ್ಕು ಕಿಲೋಗೆ ತುಸು ಕಡಿಮೆ, ಹೆಚ್ಚು ಹೊರಬೇಕೆಂದು ಆತ ಗೊತ್ತುಮಾಡಿದ. ಎರಡು ಮೈಲಿ ಓಡಿದ ಮೇಲೆ ಫ್ಲೈಯಿಂಗ್ ಡಚ್‌ಮನ್ ಒಂದೇ ಒಂದು ಕುದುರೆಯುದ್ದದಷ್ಟು ಅಂತರದಿಂದ ಗೆದ್ದಿತು. ತೂಕವನ್ನು ಇಷ್ಟು ನಿಖರವಾಗಿ ಅಳೆದವನೆಂದು ರೌಸ್‌ನ ಕೀರ್ತಿ ಹಬ್ಬಿತು. 1855ರಲ್ಲಿ ಸಾರ್ವಜನಿಕ ಹ್ಯಾಂಡಿಕ್ಯಾಪರ್ ಹುದ್ದೆ ಆತನನ್ನು ಹುಡುಕಿಕೊಂಡು ಬಂದಿತು.

ಆತನ ಬಹುಕಾಲದ ಕೊಡುಗೆಯೆಂದರೆ ವಯಸ್ಸಿಗೆ ತಕ್ಕ ತೂಕದ ಪಟ್ಟಿ. ಎಳೆಯ ಕುದುರೆ ಕಡಿಮೆ ತೂಕ ಹೊರುತ್ತದೆ. ವರ್ಷದ ತಿಂಗಳುಗಳು ಉರುಳಿದಂತೆ ಅದು ಬಲಿಯುವುದರಿಂದ ರಿಯಾಯಿತಿಯೂ ಇಳಿಯುತ್ತದೆ. ಓಟ ದೀರ್ಘವಾದಷ್ಟೂ ರಿಯಾಯಿತಿ ಹೆಚ್ಚು. ಈ ಪಟ್ಟಿ ಕಾಲಕಾಲಕ್ಕೆ ತಿದ್ದುಪಡಿಗೊಂಡರೂ ಅದರ ಮೂಲತತ್ವ ಜಗತ್ತಿನ ರೇಸ್ ಮೈದಾನಗಳಲ್ಲಿ ಉಳಿದುಬಂದಿದೆ.

ಹ್ಯಾಂಡಿಕ್ಯಾಪ್ ಓಟದ ದೌರ್ಬಲ್ಯ ರೌಸ್‌ಗೆ ಚೆನ್ನಾಗಿ ತಿಳಿದಿತ್ತು. ಉತ್ತಮ ಕುದುರೆಗೆ ಹೊರೆ ಹೇರಿ ಸಾಧಾರಣ ಕುದುರೆಯನ್ನು ಅದರ ಸಮಕ್ಕೆ ತರುವ ಈ ಏರ್ಪಾಡು ಜೂಜುಕೋರರಿಗೆ ಅನುಕೂಲವೆಂಬ ಅಸಮಾಧಾನ ಆತನಲ್ಲಿಯೇ ಇತ್ತು. ಕಡಿಮೆ ತೂಕದ ಆಸೆಗೆ ಕುದುರೆಯನ್ನು ಬೇಕೆಂದೇ ತಡೆದು ಓಡಿಸುವ ಮಾಲೀಕರೂ ಇದ್ದರು. ಆದ್ದರಿಂದ ಆತ ಗಣ್ಯರ ಗ್ಯಾಲರಿಯಲ್ಲಿ ಕೂರದೆ ನ್ಯೂಮಾರ್ಕೆಟ್ ಮೈದಾನದ ನಡುವೆ ಕುದುರೆಯೇರಿ ನಿಂತು, ಯಾವ ಜಾಕಿ ಲಗಾಮು ಬಿಗಿಹಿಡಿದಿದ್ದಾನೆಂದು ಕಣ್ಣಾರೆ ನೋಡುತ್ತಿದ್ದ. ಕಂಡದ್ದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಡುತ್ತಿದ್ದ. ದೊಡ್ಡ ಮೊತ್ತದ ಬಾಜಿಯನ್ನು ಕಟುವಾಗಿ ವಿರೋಧಿಸಿದ. ತೀರ್ಪು ಕೊಡುವವನಿಗೆ ಗೆಲುವಿನಲ್ಲಿ ಪಾಲಿದ್ದರೆ ತಕ್ಕಡಿಗೆ ಬೆಲೆಯಿಲ್ಲವೆಂಬುದನ್ನು ಆತನ ನಡವಳಿಕೆಯೇ ತೋರಿಸಿತು. ಆತನನ್ನು ನಿಷ್ಠುರನೆಂದು ಬೈದವರು ಉಂಟು. ಆದರೆ ಆತನ ಪ್ರಾಮಾಣಿಕತೆಯ ಬಗ್ಗೆ ಅನುಮಾನ ಕೇಳಿಬರಲಿಲ್ಲ.

ನೀರಿನ ಮೇಲೂ ಅದೇ ಪ್ರಶ್ನೆ

ಯಾರ್ಕ್ ಪಂದ್ಯ ನಡೆದ ವರ್ಷವೇ, ಆಗಸ್ಟ್ 22ರಂದು, ಇಂಗ್ಲೆಂಡಿನ ವೈಟ್ ದ್ವೀಪದ ಸುತ್ತ ಹಾಯಿನೌಕೆಗಳ ಸ್ಪರ್ಧೆ ನಡೆಯಿತು. ಅಮೆರಿಕಾ ಎಂಬ ಹೆಸರಿನ ನೌಕೆ ಗೆದ್ದು, ಮುಂದೆ ಅಮೆರಿಕಾಸ್ ಕಪ್ ಎಂದೇ ಪ್ರಸಿದ್ಧವಾದ ಬಟ್ಟಲನ್ನು ಒಯ್ದಿತು. 170 ಟನ್ನಿನ ಆ ನೌಕೆಯ ಹಿಂದೆ ಎರಡನೆಯದಾಗಿ ಬಂದದ್ದು 47 ಟನ್ನಿನ ಪುಟ್ಟ ಅರೋರಾ. ಅಂದು ಗಾತ್ರಕ್ಕೆ ತಕ್ಕ ಸಮಯದ ರಿಯಾಯಿತಿ ಇರಲಿಲ್ಲ. ದೊಡ್ಡದನ್ನೂ ಚಿಕ್ಕದನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸುವುದು ನ್ಯಾಯವೇ ಎಂಬ ಪ್ರಶ್ನೆ ರೇಸ್ ಮೈದಾನದಷ್ಟೇ ಸಮುದ್ರಕ್ಕೂ ಸಲ್ಲುವಂಥದು.

ಕುದುರೆಗೆ ತೂಕ ಹೇರಿದಂತೆ ನೌಕೆಗೆ ಸಮಯದ ಲೆಕ್ಕ ಹಚ್ಚಲಾಗುತ್ತದೆ. ಇಂದಿನ ಪದ್ಧತಿಯಲ್ಲಿ ನೌಕೆಯ ಉದ್ದ, ತೂಕ, ಹಾಯಿಯ ವಿಸ್ತಾರ ಮುಂತಾದುವನ್ನು ಅಳೆದು ಒಂದು ಅಂಕಿ ಕೊಡುತ್ತಾರೆ. ಗುರಿ ಮುಟ್ಟಲು ಹಿಡಿದ ಸಮಯವನ್ನು ಆ ಅಂಕಿಯಿಂದ ಗುಣಿಸಿದಾಗ ನಿಜವಾದ ವಿಜೇತ ತಿಳಿಯುತ್ತಾನೆ. ಐಆರ್‌ಸಿ ಎಂಬ ಪದ್ಧತಿ ನೌಕೆಯ ವಯಸ್ಸನ್ನೂ ಪರಿಗಣಿಸುತ್ತದೆ. ಅದರ ಸೂತ್ರವನ್ನು ಪ್ರಕಟಿಸುವುದಿಲ್ಲ. ಸೂತ್ರ ತಿಳಿದರೆ ವಿನ್ಯಾಸಕಾರರು ವೇಗಕ್ಕಿಂತ ಲೆಕ್ಕವನ್ನು ಮೀರಿಸುವ ನೌಕೆಗಳನ್ನೇ ಕಟ್ಟುತ್ತಾರೆ ಎಂಬುದು ಕಾರಣ. ಕುದುರೆಯನ್ನು ತಡೆದು ಓಡಿಸುವವರ ಮೇಲೆ ರೌಸ್ ಇಟ್ಟಿದ್ದ ಕಣ್ಣಿಗೂ ಈ ಮುನ್ನೆಚ್ಚರಿಕೆಗೂ ಉದ್ದೇಶ ಒಂದೇ.

ಇದರಿಂದ ಹಳೆಯ ನೌಕೆಗಳಿಗೆ ಬಲ ಬಂದಿದೆ. 1973ರಲ್ಲಿ ಕಟ್ಟಿದ ಲವ್ ಅಂಡ್ ವಾರ್ ಎಂಬ ನೌಕೆ ಸಿಡ್ನಿಯಿಂದ ಹೋಬಾರ್ಟ್‌ವರೆಗಿನ ಸ್ಪರ್ಧೆಯ ಹ್ಯಾಂಡಿಕ್ಯಾಪ್ ಪ್ರಶಸ್ತಿಯನ್ನು 1974 ಮತ್ತು 1978ರಲ್ಲಿ ಗೆದ್ದಿತ್ತು. ಅನಂತರ 28 ವರ್ಷ ಕಳೆದು, 2006ರಲ್ಲಿ ಹೊಸ ನೌಕೆಗಳ ನಡುವೆ ಅದನ್ನೇ ಮತ್ತೆ ಗೆದ್ದಿತು. 1930ರಲ್ಲಿ ನೀರಿಗಿಳಿದ ಡೊರೇಡ್‌ನ ಕಥೆ ಇನ್ನೂ ಸೋಜಿಗದ್ದು. ಕ್ಯಾಲಿಫೋರ್ನಿಯಾದಿಂದ ಹವಾಯಿವರೆಗಿನ ಟ್ರಾನ್ಸ್‌ಪ್ಯಾಕ್ ಸ್ಪರ್ಧೆಯನ್ನು 1936ರಲ್ಲಿ ಗೆದ್ದ ಈ ಮರದ ನೌಕೆ, 77 ವರ್ಷಗಳ ಬಳಿಕ 2013ರಲ್ಲಿ ಹ್ಯಾಂಡಿಕ್ಯಾಪ್ ಲೆಕ್ಕದಲ್ಲಿ ಮತ್ತೆ ಗೆದ್ದಿತು. ಎರಡೂ ಸ್ಪಾರ್ಕ್‌ಮನ್ ಅಂಡ್ ಸ್ಟೀವನ್ಸ್ ಸಂಸ್ಥೆಯ ವಿನ್ಯಾಸಗಳು. ರಿಯಾಯಿತಿಯೊಂದರಿಂದಲೇ ಈ ಗೆಲುವು ಬಂದದ್ದೆಂದು ಹೇಳಲಾಗದು. ಸುಸ್ಥಿತಿಯಲ್ಲಿ ಉಳಿದ ನೌಕೆ, ಪಳಗಿದ ನಾವಿಕರು, ಹದವಾದ ಗಾಳಿ ಮೂರೂ ಕೂಡಿಬರಬೇಕು. ಮುದಿ ನೌಕೆಗೆ ಸ್ಪರ್ಧೆಯಲ್ಲಿ ಜಾಗ ಕೊಡುವುದಷ್ಟೇ ಹ್ಯಾಂಡಿಕ್ಯಾಪ್ ಮಾಡುವ ಕೆಲಸ.

ರೌಸ್‌ಗೆ ಮಕ್ಕಳಿರಲಿಲ್ಲ. 1871ರಲ್ಲಿ ಪತ್ನಿ ತೀರಿಕೊಂಡಳು. ಎಂಬತ್ತು ದಾಟಿದ ಮೇಲೂ ತೂಕದ ಪಟ್ಟಿ ಬರೆಯುವ ಕೆಲಸ ಬಿಡದ ಆತ, 1877ರ ಜೂನ್ 19ರಂದು ಲಂಡನ್ನಿನಲ್ಲಿ ಕಣ್ಮುಚ್ಚಿದ. ನ್ಯೂಮಾರ್ಕೆಟ್‌ನಲ್ಲಿ ಆತನ ನೆನಪಿಗೆ ಆಸ್ಪತ್ರೆಯೊಂದು ನಿರ್ಮಾಣವಾಯಿತು. ಬ್ರಿಟಿಷರೊಂದಿಗೆ ಭಾರತಕ್ಕೆ ಬಂದ ರೇಸ್ ಪದ್ಧತಿಯಲ್ಲಿ ಆತನ ಲೆಕ್ಕವೂ ಸೇರಿ ಬಂದಿತು. ಕುಣಿಗಲ್‌ನಲ್ಲಿ ಹುಟ್ಟಿದ ಕುದುರೆ ಬೆಂಗಳೂರಿನ ಮೈದಾನಕ್ಕೆ ಇಳಿಯುವ ಮುನ್ನ ಅದರ ಜೀನಿನಲ್ಲಿ ಸೀಸದ ತುಂಡುಗಳನ್ನು ಇಟ್ಟು ತೂಕ ಸರಿಪಡಿಸುವಾಗ, ಆ ಲೆಕ್ಕದ ಮೂಲ ಈ ಮುದಿ ಅಡ್ಮಿರಲ್‌ನ ಟಿಪ್ಪಣಿ ಪುಸ್ತಕಕ್ಕೆ ಹೋಗಿ ಮುಟ್ಟುತ್ತದೆ.